ಜ್ಯಾಂಗೊದಲ್ಲಿ ರೆಕಾರ್ಡ್ ಸೇವ್ ಆಗ್ತಿಲ್ವಾ? ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಜ್ಯಾಂಗೊ, ಅಂದರೆ ಪೈಥಾನ್‌ನಲ್ಲಿ ವೆಬ್ ಆ್ಯಪ್ ಕಟ್ಟುವ ಫ್ರೇಮ್‌ವರ್ಕ್, ಕಲಿಯುತ್ತಿರುವವರಿಗೆ. ಕಲಿತಾಯಿತು ಅಂದುಕೊಂಡು ಆ್ಯಪನ್ನು ಸರ್ವರ್‌ಗೆ ಏರಿಸಿದ ಮೇಲೆ ತಲೆ ಕೆರೆದುಕೊಳ್ಳುತ್ತಿರುವವರಿಗೂ ಹೌದು. ಉದಾಹರಣೆಗೆ ಒಂದು ಸಣ್ಣ ಲೈಬ್ರರಿ ಆ್ಯಪ್ ಇಟ್ಟುಕೊಂಡಿದ್ದೇನೆ. ಅದರಲ್ಲಿ ಪುಸ್ತಕ, ಲೇಖಕ, ಸದಸ್ಯ ಅಂತ ಮೂರು ಮಾಡೆಲ್ (ಡೇಟಾಬೇಸ್ ಟೇಬಲ್ ಹೇಗಿರಬೇಕು ಅಂತ ಪೈಥಾನ್‌ನಲ್ಲಿ ಬರೆದ ವಿವರಣೆ). ಕೋಡ್, ಕಮಾಂಡ್, ಎರರ್ ಎಲ್ಲವನ್ನೂ ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಹಳದಿ ಪುಟದ ತುಂಬ ಎರರ್ ಬಂದಿದೆ. ಎಲ್ಲಿಂದ ಓದಲಿ?

ಟರ್ಮಿನಲ್‌ನಲ್ಲಾದರೆ ಕೆಳಗಿನಿಂದ. ಕೊನೆಯ ಸಾಲಿನಲ್ಲಿ ಎರರ್‌ನ ಹೆಸರು, ಅದರ ಪಕ್ಕದಲ್ಲೇ ಕಾರಣ ಇರುತ್ತದೆ. ಬ್ರೌಸರ್‌ನ ಹಳದಿ ಪುಟದಲ್ಲಿ ಅದೇ ವಿಷಯ ಮೇಲ್ಗಡೆ ಕಾಣುತ್ತದೆ. ಹೆಸರು ನೋಡಿದರೆ ಅರ್ಧ ಕೆಲಸ ಮುಗಿದ ಹಾಗೆ. ರೆಕಾರ್ಡನ್ನು ತಡೆದದ್ದು ಯಾರು ಅಂತ ಅದು ಹೇಳುತ್ತದೆ.

ಟೈಪ್‌ಎರರ್ ಅಥವಾ ವ್ಯಾಲ್ಯೂಎರರ್ ಬಂದರೆ ಸಾಮಾನ್ಯವಾಗಿ ವಿಷಯ ಡೇಟಾಬೇಸ್‌ವರೆಗೆ ಹೋಗೇ ಇಲ್ಲ. ಪೈಥಾನ್ ಕೋಡ್‌ನಲ್ಲೇ ನಿಂತಿದೆ. ವ್ಯಾಲಿಡೇಷನ್‌ಎರರ್ ಅಂದರೆ ಜ್ಯಾಂಗೊ ಪರೀಕ್ಷೆ ಮಾಡಿ ಬೇಡ ಅಂದಿದೆ. ಇಂಟೆಗ್ರಿಟಿಎರರ್, ಡೇಟಾಎರರ್ ಬಂದರೆ ಎಲ್ಲ ದಾಟಿ ಡೇಟಾಬೇಸ್ ಮುಟ್ಟಿದೆ, ಅಲ್ಲಿಂದ ವಾಪಸ್ ಬಂದಿದೆ. ಆಪರೇಷನಲ್‌ಎರರ್, ಪ್ರೋಗ್ರಾಮಿಂಗ್‌ಎರರ್ ಬಂದಾಗ ನಿಮ್ಮ ಡೇಟಾ ಸರಿಯಾಗೇ ಇರಬಹುದು. ಟೇಬಲ್ ಅಥವಾ ಕನೆಕ್ಷನ್ ಕಡೆ ನೋಡಿ.

ನಡುವೆ ‘ದಿ ಅಬವ್ ಎಕ್ಸೆಪ್ಷನ್ ವಾಸ್ ದಿ ಡೈರೆಕ್ಟ್ ಕಾಸ್’ ಅಂತ ಒಂದು ಸಾಲು ಕಂಡರೆ ಎರಡು ಎರರ್ ಬಂದಿದೆ ಅಂತ ಗಾಬರಿಯಾಗಬೇಡಿ. ಡೇಟಾಬೇಸ್ ಡ್ರೈವರ್ ಕೊಟ್ಟ ಎರರನ್ನೇ ಜ್ಯಾಂಗೊ ತನ್ನ ಹೆಸರಿನಲ್ಲಿ ಇನ್ನೊಮ್ಮೆ ಹೇಳಿದೆ, ಅಷ್ಟೇ. ಉಳಿದ ಸಾಲುಗಳಲ್ಲಿ ‘ಸೈಟ್-ಪ್ಯಾಕೇಜಸ್’ ಅಂತ ಇರುವುದನ್ನೆಲ್ಲ ಬಿಟ್ಟು ನಿಮ್ಮ ಫೈಲ್ ಹೆಸರಿರುವ ಸಾಲು ಹುಡುಕಿ.

‘ನೋ ಸಚ್ ಟೇಬಲ್’ ಅನ್ನುತ್ತಿದೆ. ಮಾಡೆಲ್ ಬರೆದಿದ್ದೇನಲ್ಲ?

ಮಾಡೆಲ್ ಬರೆದರೆ ಟೇಬಲ್ ಆಗುವುದಿಲ್ಲ. ಮೊದಲು ‘ಮೇಕ್‌ಮೈಗ್ರೇಷನ್ಸ್’ ಕಮಾಂಡ್ (ಮಾಡೆಲ್‌ನ ಬದಲಾವಣೆಯನ್ನು ಮೈಗ್ರೇಷನ್ ಫೈಲಾಗಿ ಬರೆಯುತ್ತದೆ), ಆಮೇಲೆ ‘ಮೈಗ್ರೇಟ್’ (ಅದನ್ನು ಡೇಟಾಬೇಸ್‌ಗೆ ಹಾಕುತ್ತದೆ). ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ನಲ್ಲಿ ಇದೇ ತೊಂದರೆ ‘ರಿಲೇಷನ್ ಡಸ್ ನಾಟ್ ಎಕ್ಸಿಸ್ಟ್’ ಅಂತ ಬರುತ್ತದೆ. ‘ನೋ ಚೇಂಜಸ್ ಡಿಟೆಕ್ಟೆಡ್’ ಅಂತ ಬಂದರೆ ಆ್ಯಪ್‌ನ ಹೆಸರು ಸೆಟ್ಟಿಂಗ್ಸ್‌ನ ‘ಇನ್‌ಸ್ಟಾಲ್ಡ್ ಆ್ಯಪ್ಸ್’ ಪಟ್ಟಿಯಲ್ಲಿ ಇದೆಯಾ ನೋಡಿ. ಯಾವ ಮೈಗ್ರೇಷನ್ ಓಡಿದೆ, ಯಾವುದು ಓಡಿಲ್ಲ ಅಂತ ತಿಳಿಯಲು ‘ಶೋಮೈಗ್ರೇಷನ್ಸ್’ ಕಮಾಂಡ್ ಇದೆ.

‘ನಾಟ್ ನಲ್ ಕನ್‌ಸ್ಟ್ರೇಂಟ್ ಫೇಲ್ಡ್’ ಬಂತು. ‘ನಲ್=ಟ್ರೂ’ ಹಾಕಿದರೆ ಹೋಗುತ್ತದಂತೆ, ಹಾಕಲಾ?

ಬೇಡ. ಎರರ್ ಹೋಗುತ್ತದೆ ನಿಜ, ಆದರೆ ಲೇಖಕರೇ ಇಲ್ಲದ ಪುಸ್ತಕಗಳು ಟೇಬಲ್‌ನಲ್ಲಿ ಬಂದು ಕೂರುತ್ತವೆ. ಮುಂದೆ ಪುಸ್ತಕದ ಪಟ್ಟಿ ತೋರಿಸುವ ಪುಟ ಒಡೆಯುತ್ತದೆ. ಆಗ ಕಾರಣ ಹುಡುಕುವುದು ಇವತ್ತಿಗಿಂತ ಜಾಸ್ತಿ ಕಷ್ಟ.

ಮೊದಲು ಎರರ್ ಸಾಲನ್ನು ಪೂರ್ತಿ ಓದಿ: ‘ನಾಟ್ ನಲ್ ಕನ್‌ಸ್ಟ್ರೇಂಟ್ ಫೇಲ್ಡ್: ಲೈಬ್ರರಿ_ಬುಕ್.ಆಥರ್_ಐಡಿ’. ಚುಕ್ಕಿಯ ಹಿಂದಿರುವುದು ಟೇಬಲ್, ಮುಂದಿರುವುದು ಕಾಲಂ. ಕಾಲಂ ಹೆಸರು ‘_ಐಡಿ’ ಅಂತ ಮುಗಿದರೆ ಸಾಮಾನ್ಯವಾಗಿ ಅದು ಫಾರಿನ್ ಕೀ, ಇನ್ನೊಂದು ಟೇಬಲ್‌ನ ಸಾಲನ್ನು ತೋರಿಸುವ ಕಾಲಂ. ಅಂದರೆ ಪುಸ್ತಕಕ್ಕೆ ಲೇಖಕರನ್ನು ಜೋಡಿಸದೆ ಸೇವ್ ಮಾಡಿದ್ದೀರಿ.

ಇದು ಜಾಸ್ತಿ ಆಗುವುದು ವ್ಯೂನಲ್ಲಿ, ಅಂದರೆ ಬ್ರೌಸರ್‌ನಿಂದ ಬಂದ ರಿಕ್ವೆಸ್ಟ್‌ಗೆ ಉತ್ತರ ಕೊಡುವ ಕೋಡ್‌ನಲ್ಲಿ. ಫಾರ್ಮ್‌ನಲ್ಲಿ ಪುಸ್ತಕದ ಹೆಸರು ಮಾತ್ರ ಇರುತ್ತದೆ. ಸೇರಿಸಿದವರು ಯಾರು ಅನ್ನುವ ಫೀಲ್ಡನ್ನು ಲಾಗಿನ್ ಆದ ಯೂಸರ್‌ನಿಂದ ತುಂಬಬೇಕು. ಅದಕ್ಕೆ ಸೀದಾ ‘ಫಾರ್ಮ್.ಸೇವ್’ ಅನ್ನಬಾರದು. ‘ಬುಕ್ = ಫಾರ್ಮ್.ಸೇವ್(ಕಮಿಟ್=ಫಾಲ್ಸ್)’ ಅಂತ ವಸ್ತುವನ್ನು ಮೊದಲು ಕೈಗೆ ತೆಗೆದುಕೊಳ್ಳಿ. ‘ಬುಕ್.ಆ್ಯಡೆಡ್_ಬೈ = ರಿಕ್ವೆಸ್ಟ್.ಯೂಸರ್’ ಅಂತ ತುಂಬಿ. ಆಮೇಲೆ ‘ಬುಕ್.ಸೇವ್’. ಈ ಮೂರರಲ್ಲಿ ನಡುವಿನ ಸಾಲು ಮರೆತರೆ ನಾಟ್ ನಲ್ ಎರರ್. ಕೊನೆಯ ಸಾಲು ಮರೆತರೆ ಎರರೂ ಇಲ್ಲ, ರೆಕಾರ್ಡೂ ಇಲ್ಲ.

‘ಬ್ಲ್ಯಾಂಕ್=ಟ್ರೂ’ ಹಾಕಿದ್ದೇನೆ. ಆದರೂ ನಲ್ ಎರರ್ ಯಾಕೆ?

‘ಬ್ಲ್ಯಾಂಕ್’ ಫಾರ್ಮ್‌ಗೆ ಸಂಬಂಧಿಸಿದ್ದು, ‘ನಲ್’ ಡೇಟಾಬೇಸ್‌ಗೆ. ತಾರೀಕಿನ ಫೀಲ್ಡ್‌ಗೆ ಬರೀ ‘ಬ್ಲ್ಯಾಂಕ್’ ಕೊಟ್ಟರೆ ಫಾರ್ಮ್ ಖಾಲಿ ಬಿಡಲು ಒಪ್ಪುತ್ತದೆ, ಡೇಟಾಬೇಸ್ ಒಪ್ಪುವುದಿಲ್ಲ. ತಾರೀಕು, ಅಂಕಿ, ಫಾರಿನ್ ಕೀ ನಿಜವಾಗಿಯೂ ಖಾಲಿ ಇರಬಹುದು ಅಂತಾದರೆ ಎರಡನ್ನೂ ಕೊಡಿ. ಅಕ್ಷರದ ಫೀಲ್ಡ್‌ಗೆ ‘ಬ್ಲ್ಯಾಂಕ್’ ಸಾಕು. ಅಲ್ಲಿ ಖಾಲಿ ಅಂದರೆ ಖಾಲಿ ಸ್ಟ್ರಿಂಗ್.

ಇಲ್ಲೇ ಇನ್ನೊಂದು ತೊಡಕು ಇದೆ. ‘ಆಬ್ಜೆಕ್ಟ್ಸ್.ಕ್ರಿಯೇಟ್’ ಮಾಡಿದಾಗಲೂ ‘ಸೇವ್’ ಮಾಡಿದಾಗಲೂ ಜ್ಯಾಂಗೊ ತಾನಾಗಿ ವ್ಯಾಲಿಡೇಷನ್ ಮಾಡುವುದಿಲ್ಲ. ಶೆಲ್‌ನಲ್ಲಿ ಇಮೇಲ್ ಫೀಲ್ಡ್‌ಗೆ ‘ಅಆಇಈ’ ಅಂತ ಕೊಟ್ಟು ನೋಡಿ, ಸುಮ್ನೆ ಸೇವ್ ಆಗುತ್ತದೆ. ಪುಸ್ತಕದ ಹೆಸರೇ ಕೊಡದಿದ್ದರೂ ಖಾಲಿ ಹೆಸರಿನ ಪುಸ್ತಕ ಒಳಗೆ ಹೋಗುತ್ತದೆ. ಫಾರ್ಮ್ ಇಲ್ಲದೆ ರೆಕಾರ್ಡ್ ಮಾಡುವ ಕಡೆಯಲ್ಲೆಲ್ಲ, ಅಂದರೆ ಸಿಎಸ್‌ವಿ ಇಂಪೋರ್ಟ್, ಮ್ಯಾನೇಜ್‌ಮೆಂಟ್ ಕಮಾಂಡ್ ಇಂಥ ಕಡೆ, ಸೇವ್‌ಗೆ ಮುಂಚೆ ನೀವೇ ‘ಫುಲ್_ಕ್ಲೀನ್’ ಕರೆಯಿರಿ.

ಟೇಬಲ್‌ನಲ್ಲಿ ಅಂಥ ರೆಕಾರ್ಡೇ ಇಲ್ಲ. ಆದರೂ ‘ಯೂನಿಕ್’ ಎರರ್ ಬರುತ್ತಿದೆ!

ತುಂಬಾ ಜನ ಕೇಳುವ ಪ್ರಶ್ನೆ ಇದು. ಉತ್ತರ ಮೂರು ಬಗೆ. ಎರರ್‌ನಲ್ಲಿ ಯಾವ ಕಾಲಂ ಹೆಸರಿದೆ ಅನ್ನುವುದರ ಮೇಲೆ ನಿರ್ಧಾರ.

ಕಾಲಂ ‘ಐಡಿ’ ಆಗಿದ್ದು, ಪೋಸ್ಟ್‌ಗ್ರೆಸ್ ಬಳಸುತ್ತಿದ್ದರೆ, ಹಳೇ ಡೇಟಾವನ್ನು ಐಡಿ ಸಮೇತ ಇಂಪೋರ್ಟ್ ಮಾಡಿದ್ದೀರಾ ನೆನಪಿಸಿಕೊಳ್ಳಿ. ಪೋಸ್ಟ್‌ಗ್ರೆಸ್ ಮುಂದಿನ ಐಡಿಯನ್ನು ಸೀಕ್ವೆನ್ಸ್ ಅನ್ನುವ ಎಣಿಕೆಯಿಂದ ತೆಗೆಯುತ್ತದೆ. ನೀವೇ ಐಡಿ ಕೊಟ್ಟು 500 ಸಾಲು ತುಂಬಿದರೆ ಆ ಎಣಿಕೆಗೆ ಅದು ಗೊತ್ತಾಗುವುದಿಲ್ಲ. ಅದು ಇನ್ನೂ 1ರಲ್ಲೇ ಇರುತ್ತದೆ. ಗುರುತು ಹೀಗಿದೆ: ಮೊದಲ ಸಲ ‘ಕೀ (ಐಡಿ)=(1) ಆಲ್‌ರೆಡಿ ಎಕ್ಸಿಸ್ಟ್ಸ್’, ಮತ್ತೆ ಸಬ್ಮಿಟ್ ಒತ್ತಿದರೆ (2), ಮತ್ತೆ ಒತ್ತಿದರೆ (3). ಪ್ರತಿ ಸಲ ಸೋತರೂ ಎಣಿಕೆ ಮುಂದೆ ಹೋಗುತ್ತಲೇ ಇರುತ್ತದೆ. ಅದಕ್ಕೇ ಕೆಲವರಿಗೆ ‘ಹತ್ತಿಪ್ಪತ್ತು ಸಲ ಒತ್ತಿದೆ, ತಾನಾಗಿ ಸರಿಹೋಯಿತು’ ಅನ್ನುವ ಅನುಭವ ಆಗುವುದು. ಸರಿಯಾದ ದಾರಿ ‘ಎಸ್‌ಕ್ಯೂಎಲ್‌ಸೀಕ್ವೆನ್ಸ್‌ರೀಸೆಟ್’ ಕಮಾಂಡ್, ಪಕ್ಕದಲ್ಲಿ ಆ್ಯಪ್ ಹೆಸರು. ಗಮನಿಸಿ, ಆ ಕಮಾಂಡ್ ಏನನ್ನೂ ಸರಿ ಮಾಡುವುದಿಲ್ಲ. ಬೇಕಾದ ಎಸ್‌ಕ್ಯೂಎಲ್ ಅನ್ನು ಪರದೆಯ ಮೇಲೆ ಬರೆದು ತೋರಿಸುತ್ತದೆ, ಅಷ್ಟೇ. ಅದನ್ನು ‘ಡಿಬಿಶೆಲ್’ಗೆ ಕೊಟ್ಟು ನೀವೇ ಓಡಿಸಬೇಕು.

ಐಡಿ ಯುಯುಐಡಿ (ಯಾದೃಚ್ಛಿಕವಾಗಿ ಹುಟ್ಟುವ ಉದ್ದನೆಯ ಗುರುತು) ಆಗಿದ್ದರೆ ಮಾಡೆಲ್ ತೆರೆದು ‘ಡೀಫಾಲ್ಟ್’ ನೋಡಿ. ‘ಡೀಫಾಲ್ಟ್=ಯುಯುಐಡಿ4()’ ಅಂತ ಆವರಣ ಹಾಕಿ ಬರೆದಿದ್ದೀರಾ? ಹಾಗಿದ್ದರೆ ಸರ್ವರ್ ಶುರುವಾದಾಗ ಒಂದೇ ಸಲ ಆ ಬೆಲೆ ಹುಟ್ಟುತ್ತದೆ. ಎಲ್ಲ ರೆಕಾರ್ಡ್‌ಗೂ ಅದೇ. ಮೊದಲನೆಯದು ಸೇವ್, ಎರಡನೆಯದು ಎರರ್, ಸರ್ವರ್ ರೀಸ್ಟಾರ್ಟ್ ಮಾಡಿದರೆ ಮತ್ತೆ ಒಂದು ಸೇವ್. ಮಾಡೆಲ್ ಮುಟ್ಟದಿದ್ದರೂ ಪ್ರತಿ ‘ಮೇಕ್‌ಮೈಗ್ರೇಷನ್ಸ್’ಗೆ ಹೊಸ ಫೈಲ್ ಬರುತ್ತಿರುವುದೂ ಇದರದೇ ಲಕ್ಷಣ. ಆವರಣ ತೆಗೆಯಿರಿ, ಬರೀ ಹೆಸರು ಕೊಡಿ. ‘ಡೀಫಾಲ್ಟ್=ಟೈಮ್‌ಜೋನ್.ನೌ()’ಗೂ ಇದೇ ಮಾತು. ಅಲ್ಲಿ ಎರರ್ ಬರುವುದಿಲ್ಲ, ಎಲ್ಲ ಪುಸ್ತಕಕ್ಕೂ ಸರ್ವರ್ ಶುರುವಾದ ಹೊತ್ತೇ ಬೀಳುತ್ತದೆ. ನನ್ನ ಪ್ರಕಾರ ಎರರ್ ಬರುವುದೇ ವಾಸಿ.

ಮೂರನೆಯದು ಇಮೇಲ್‌ನಂಥ ಕಾಲಂ, ‘ಯೂನಿಕ್’ ಮತ್ತು ‘ಬ್ಲ್ಯಾಂಕ್’ ಎರಡೂ ಇರುವಂಥದ್ದು. ಮೊದಲ ಸದಸ್ಯರು ಇಮೇಲ್ ಖಾಲಿ ಬಿಟ್ಟರು, ಸೇವ್ ಆಯಿತು. ಎರಡನೆಯವರೂ ಖಾಲಿ ಬಿಟ್ಟರು, ಎರರ್. ಡೇಟಾಬೇಸ್ ಲೆಕ್ಕದಲ್ಲಿ ಎರಡು ಖಾಲಿ ಸ್ಟ್ರಿಂಗ್ ಒಂದೇ. ಆದರೆ ಎರಡು ನಲ್ ಒಂದೇ ಅಲ್ಲ. ಅಕ್ಷರದ ಫೀಲ್ಡ್‌ಗೆ ‘ನಲ್=ಟ್ರೂ’ ಕೊಡಬೇಕಾದ ಜಾಗ ಇದು. ಹಾಗೆ ಕೊಟ್ಟರೆ ಅಡ್ಮಿನ್ ಮತ್ತು ಮಾಡೆಲ್‌ಫಾರ್ಮ್ ಖಾಲಿ ಬಿಟ್ಟದ್ದನ್ನು ನಲ್ ಅಂತಲೇ ಸೇವ್ ಮಾಡುತ್ತವೆ.

ಯೂನಿಕ್ ಇದ್ದರೂ ‘ಗೋವಿಂದ’ ಎರಡು ಸಲ ಸೇವ್ ಆಗಿದೆ. ಹೇಗೆ?

ಕನ್ನಡದಲ್ಲಿ ಡೇಟಾ ತುಂಬುವವರಿಗೆ ಇದು ಗೊತ್ತಿರಲೇಬೇಕು. ‘ಗೋ’ದಲ್ಲಿರುವ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿ ಬರೆಯಬಹುದು. ಎತ್ವ, ಊತ್ವ, ದೀರ್ಘ ಅಂತ ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ‘ಗೋ’ನೇ. ಡೇಟಾಬೇಸ್ ಸಾಮಾನ್ಯವಾಗಿ ಇವನ್ನು ಬೇರೆ ಬೇರೆ ಅಂತ ನೋಡುತ್ತದೆ. ಒಬ್ಬರು ಒಂದು ಕೀಬೋರ್ಡ್‌ನಲ್ಲಿ ಟೈಪ್ ಮಾಡಿ, ಇನ್ನೊಬ್ಬರು ಯಾವುದೋ ಪಿಡಿಎಫ್‌ನಿಂದ ಕಾಪಿ ಮಾಡಿದರೆ ಹೀಗಾಗುತ್ತದೆ. ಪೈಥಾನ್‌ನ ‘ಯೂನಿಕೋಡ್‌ಡೇಟಾ.ನಾರ್ಮಲೈಜ್’ಗೆ ‘ಎನ್‌ಎಫ್‌ಸಿ’ ಅಂತ ಕೊಟ್ಟರೆ ಎರಡೂ ಒಂದೇ ರೂಪಕ್ಕೆ ಬರುತ್ತವೆ. ಮಾಡೆಲ್‌ನ ‘ಸೇವ್’ ಒಳಗೇ ಅದನ್ನು ಹಾಕಿಬಿಡಿ.

ಇನ್ನೊಂದು ಕಳ್ಳ ಅಕ್ಷರ ಇದೆ: ಜೀರೋ ವಿಡ್ತ್ ನಾನ್ ಜಾಯ್ನರ್. ‘ಸುನಿಲ್’ ಅಂತ ಅರ್ಧಾಕ್ಷರದಲ್ಲಿ ಮುಗಿಯುವ ಹೆಸರಿನ ಕೊನೆಗೆ ಕೆಲವು ಕೀಬೋರ್ಡ್‌ಗಳಿಂದ ಅದು ಸೇರಿಕೊಳ್ಳುತ್ತದೆ. ಕಾಣುವುದೇ ಇಲ್ಲ. ‘ಸ್ಟ್ರಿಪ್’ ಮಾಡಿದರೂ ಹೋಗುವುದಿಲ್ಲ, ಯಾಕೆಂದರೆ ಪೈಥಾನ್ ಅದನ್ನು ಸ್ಪೇಸ್ ಅಂತ ಎಣಿಸುವುದಿಲ್ಲ. ಹಾಗಂತ ಎಲ್ಲ ಕಡೆಯಿಂದ ಕಿತ್ತು ಹಾಕಬೇಡಿ. ‘ಸುನಿಲ್‌ಕುಮಾರ್’ ಅಂತ ಸರಿಯಾಗಿ ಕಾಣಬೇಕಾದರೆ ನಡುವೆ ಅದು ಬೇಕು. ಹೆಸರಿನ ತುದಿಯಲ್ಲಿ ಮತ್ತು ಸ್ಪೇಸ್‌ಗೆ ಮುಂಚೆ ಇರುವುದನ್ನು ಮಾತ್ರ ತೆಗೆಯಿರಿ.

ನಾಲ್ಕೇ ಅಕ್ಷರದ ಹೆಸರು, ಗರಿಷ್ಠ ಉದ್ದ 10 ಕೊಟ್ಟಿದ್ದೇನೆ. ‘ವ್ಯಾಲ್ಯೂ ಟೂ ಲಾಂಗ್’ ಅನ್ನುತ್ತಿದೆಯಲ್ಲ?

‘ಕೃಷ್ಣಮೂರ್ತಿ’ ನಮಗೆ ನಾಲ್ಕಕ್ಷರ. ಪೋಸ್ಟ್‌ಗ್ರೆಸ್‌ಗೆ ಅದು 11. ಕ, ಋತ್ವ, ಷ, ವಿರಾಮ, ಣ, ಮ, ಊತ್ವ, ರ, ವಿರಾಮ, ತ, ಇತ್ವ ಅಂತ ಒಂದೊಂದನ್ನೂ ಅದು ಬೇರೆ ಎಣಿಸುತ್ತದೆ. ‘ಸ್ತ್ರೀ’ ಅನ್ನುವ ಒಂದೇ ಅಕ್ಷರ ಅದಕ್ಕೆ 6. ಇಂಗ್ಲಿಷ್ ಹೆಸರಿನ ಅಂದಾಜಿನಲ್ಲಿ ಉದ್ದ ಇಟ್ಟರೆ ಕನ್ನಡ ಹೆಸರು ಹಿಡಿಸುವುದಿಲ್ಲ. ಹೆಸರಿಗೆ 200 ಇಡಿ, ಪೋಸ್ಟ್‌ಗ್ರೆಸ್‌ನಲ್ಲಿ ಅದರಿಂದ ಜಾಗವೇನೂ ಜಾಸ್ತಿ ಹಿಡಿಯುವುದಿಲ್ಲ.

ಮೈಎಸ್‌ಕ್ಯೂಎಲ್‌ನಲ್ಲಿ ‘ಇನ್‌ಕರೆಕ್ಟ್ ಸ್ಟ್ರಿಂಗ್ ವ್ಯಾಲ್ಯೂ’ ಬರುತ್ತಿದೆ.

ಆ ಸಾಲಿನಲ್ಲಿರುವ ಬೈಟ್‌ಗಳನ್ನು ನೋಡಿ. ‘ಇ0 ಬಿ2’ ಅಥವಾ ‘ಇ0 ಬಿ3’ ಅಂತ ಶುರುವಾದರೆ ಅದು ಕನ್ನಡ ಅಕ್ಷರ. ಅಂದರೆ ನಿಮ್ಮ ಟೇಬಲ್ ಇನ್ನೂ ಹಳೇ ‘ಲ್ಯಾಟಿನ್1’ನಲ್ಲಿದೆ. ‘ಎಫ್0 9ಎಫ್’ ಅಂತ ಇದ್ದರೆ ಅದು ಎಮೋಜಿ. ಆಗ ಟೇಬಲ್ ‘ಯುಟಿಎಫ್8’ನಲ್ಲೇ ಇರಬಹುದು. ಆದರೆ ಮೈಎಸ್‌ಕ್ಯೂಎಲ್‌ನ ಆ ಹಳೇ ‘ಯುಟಿಎಫ್8’ ಒಂದು ಅಕ್ಷರಕ್ಕೆ ಮೂರೇ ಬೈಟ್ ಇಡುತ್ತದೆ. ಕನ್ನಡಕ್ಕೆ ಮೂರು ಸಾಕು, ಎಮೋಜಿಗೆ ನಾಲ್ಕು ಬೇಕು. ಎರಡಕ್ಕೂ ಮದ್ದು ಒಂದೇ, ‘ಯುಟಿಎಫ್8ಎಂಬಿ4’. 2018ರಲ್ಲಿ ಬಂದ ಮೈಎಸ್‌ಕ್ಯೂಎಲ್ 8.0ರಿಂದ ಡೀಫಾಲ್ಟೇ ಅದು. ಹಳೇ ಟೇಬಲ್ ಬದಲಿಸುವ ಮುಂಚೆ ಬ್ಯಾಕಪ್ ತೆಗೆದುಕೊಳ್ಳಿ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿ ಇದೆ, ಸರ್ವರ್‌ನಲ್ಲಿ ಮಾತ್ರ ‘ಇಂಟಿಜರ್ ಔಟ್ ಆಫ್ ರೇಂಜ್’.

ಮೊಬೈಲ್ ನಂಬರ್‌ಗೆ ಇಂಟಿಜರ್‌ಫೀಲ್ಡ್ ಕೊಟ್ಟಿದ್ದೀರಿ, ಅಲ್ವಾ? ಪೋಸ್ಟ್‌ಗ್ರೆಸ್‌ನ ಇಂಟಿಜರ್‌ನಲ್ಲಿ ಹಿಡಿಸುವ ದೊಡ್ಡ ಸಂಖ್ಯೆ 2147483647. ನಮ್ಮ ದೇಶದ ಹತ್ತಂಕಿಯ ಮೊಬೈಲ್ ನಂಬರ್‌ಗಳು 6, 7, 8, 9ರಿಂದ ಶುರುವಾಗುವುದರಿಂದ ಒಂದೂ ಹಿಡಿಸುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಜ್ಯಾಂಗೊ ಡೀಫಾಲ್ಟಾಗಿ ಬಳಸುವ ಎಸ್‌ಕ್ಯೂಲೈಟ್ ಡೇಟಾಬೇಸ್ ಅಷ್ಟು ಬಿಗಿ ಅಲ್ಲ, ತೆಗೆದುಕೊಳ್ಳುತ್ತದೆ. ಮೊಬೈಲ್ ನಂಬರನ್ನು ಕೂಡಿ ಕಳೆಯುವುದೇನೂ ಇಲ್ಲ, ಕ್ಯಾರ್‌ಫೀಲ್ಡ್ ಮಾಡಿ. ಅಕ್ಷರದ ಉದ್ದದ ವಿಷಯದಲ್ಲೂ ಎಸ್‌ಕ್ಯೂಲೈಟ್ ಹೀಗೇ, ಗರಿಷ್ಠ ಉದ್ದ ಮೀರಿದರೂ ಸುಮ್ಮನಿರುತ್ತದೆ. ಸರ್ವರ್‌ನಲ್ಲಿ ಪೋಸ್ಟ್‌ಗ್ರೆಸ್ ಇದ್ದರೆ ಲ್ಯಾಪ್‌ಟಾಪ್‌ನಲ್ಲೂ ಅದನ್ನೇ ಹಾಕಿಕೊಳ್ಳಿ.

‘ಕ್ಯಾನಾಟ್ ಅಸೈನ್… ಮಸ್ಟ್ ಬಿ ಎ ಆಥರ್ ಇನ್‌ಸ್ಟನ್ಸ್’ ಅಂದರೆ?

ಫಾರಿನ್ ಕೀಗೆ ಲೇಖಕರ ಆಬ್ಜೆಕ್ಟ್ ಕೊಡಬೇಕಾದಲ್ಲಿ ನಂಬರ್ ಅಥವಾ ಹೆಸರು ಕೊಟ್ಟಿದ್ದೀರಿ. ಆಬ್ಜೆಕ್ಟ್ ತಂದು ‘ಆಥರ್=’ಗೆ ಕೊಡಿ. ಕೈಯಲ್ಲಿ ನಂಬರ್ ಮಾತ್ರ ಇದ್ದರೆ ‘ಆಥರ್_ಐಡಿ=7’ ಅನ್ನಿ. ಆ 7 ನಿಜವಾಗಿ ಇದೆಯಾ ಅಂತ ಜ್ಯಾಂಗೊ ಆಗ ನೋಡುವುದಿಲ್ಲ, ಡೇಟಾಬೇಸ್ ನೋಡುತ್ತದೆ. ಜ್ಯಾಂಗೊ ಮಾಡುವ ಫಾರಿನ್ ಕೀಗಳನ್ನು ಪೋಸ್ಟ್‌ಗ್ರೆಸ್ ಪರೀಕ್ಷಿಸುವುದು ಕಮಿಟ್ ಹೊತ್ತಿಗೆ. ಹಾಗಾಗಿ ಟ್ರಾನ್ಸಾಕ್ಷನ್ (ಎಲ್ಲ ಆಗಬೇಕು, ಇಲ್ಲವೇ ಏನೂ ಆಗಬಾರದು ಅನ್ನುವ ಕೆಲಸದ ಕಟ್ಟು) ಒಳಗಿದ್ದರೆ ಎರರ್ ‘ಕ್ರಿಯೇಟ್’ ಸಾಲಿನಲ್ಲಿ ಬಾರದೆ, ‘ಅಟಾಮಿಕ್’ ಬ್ಲಾಕ್ ಮುಗಿಯುವಲ್ಲಿ ಬರುತ್ತದೆ. ಆ ಸಾಲನ್ನೇ ದಿಟ್ಟಿಸಿ ಕೂತರೆ ಏನೂ ಸಿಗುವುದಿಲ್ಲ.

ಪುಸ್ತಕಕ್ಕೆ ಹಲವು ವಿಷಯಗಳನ್ನು ಜೋಡಿಸಲು ಹೋದರೆ ಎರರ್.

ಮೆನಿ ಟು ಮೆನಿ ಸಂಬಂಧ ಬೇರೆ ಟೇಬಲ್‌ನಲ್ಲಿ ಕೂರುತ್ತದೆ, ಅದಕ್ಕೆ ಪುಸ್ತಕದ ಐಡಿ ಬೇಕು. ಮೊದಲು ಪುಸ್ತಕ ಸೇವ್ ಮಾಡಿ, ಆಮೇಲೆ ‘.ಆ್ಯಡ್’ ಅಥವಾ ‘.ಸೆಟ್’ ಮಾಡಿ. ‘ಕಮಿಟ್=ಫಾಲ್ಸ್’ ಬಳಸಿದ್ದರೆ ಸೇವ್ ಆದ ಮೇಲೆ ‘ಫಾರ್ಮ್.ಸೇವ್_ಎಂ2ಎಂ’ ಕೂಡ ಕರೆಯಬೇಕು.

ಎರರ್ ಬಂದರೆ ಇರಲಿ ಅಂತ ‘ಟ್ರೈ–ಎಕ್ಸೆಪ್ಟ್’ ಹಾಕಿದೆ. ಈಗ ‘ಟ್ರಾನ್ಸಾಕ್ಷನ್‌ಮ್ಯಾನೇಜ್‌ಮೆಂಟ್‌ಎರರ್’!

ಇಂಪೋರ್ಟ್ ಸ್ಕ್ರಿಪ್ಟ್ ಬರೆಯುವವರಿಗೆಲ್ಲ ಒಂದಲ್ಲ ಒಂದು ದಿನ ಇದು ಎದುರಾಗುತ್ತದೆ. ಹೊರಗಡೆ ಒಂದು ‘ಅಟಾಮಿಕ್’ ಬ್ಲಾಕ್, ಒಳಗೆ ಲೂಪ್, ಲೂಪ್‌ನೊಳಗೆ ‘ಟ್ರೈ’. ಮೂರನೇ ಸಾಲಿನ ಪುಸ್ತಕ ಡೂಪ್ಲಿಕೇಟ್, ಇಂಟೆಗ್ರಿಟಿಎರರ್ ಬಂತು, ನೀವು ಹಿಡಿದು ಮುಂದೆ ಹೋದಿರಿ. ನಾಲ್ಕನೇ ಸಾಲಿಗೆ ‘ಯು ಕಾಂಟ್ ಎಕ್ಸಿಕ್ಯೂಟ್ ಕ್ವೆರೀಸ್’ ಅಂತ ಬಂತು. ಪೈಥಾನ್ ಮಟ್ಟಿಗೆ ಎರರ್ ಹಿಡಿದಾಯಿತು, ನಿಜ. ಆದರೆ ಟ್ರಾನ್ಸಾಕ್ಷನ್ ಆಗಲೇ ಕೆಟ್ಟಿದೆ. ಅದು ರೋಲ್‌ಬ್ಯಾಕ್ ಆಗುವವರೆಗೂ, ಅಂದರೆ ಮಾಡಿದ್ದೆಲ್ಲ ರದ್ದಾಗುವವರೆಗೂ, ಇನ್ನೊಂದು ಕ್ವೆರಿ ನಡೆಯುವುದಿಲ್ಲ.

‘ಟ್ರೈ’ ಒಳಗೆ ಇನ್ನೊಂದು ಪುಟ್ಟ ‘ವಿತ್ ಟ್ರಾನ್ಸಾಕ್ಷನ್.ಅಟಾಮಿಕ್()’ ಹಾಕಿ, ‘ಕ್ರಿಯೇಟ್’ ಅದರೊಳಗೆ ಬರಲಿ. ಆಗ ಜ್ಯಾಂಗೊ ಸೇವ್‌ಪಾಯಿಂಟ್ ಇಡುತ್ತದೆ. ಮೂರನೇ ಸಾಲು ಕೆಟ್ಟರೆ ಅದೊಂದೇ ಹಿಂದಕ್ಕೆ ಹೋಗುತ್ತದೆ. ಕ್ರಮ ಮುಖ್ಯ: ಹೊರಗೆ ‘ಟ್ರೈ’, ಒಳಗೆ ‘ಅಟಾಮಿಕ್’. ತಿರುಗಾಮುರುಗಾ ಆದರೆ ಏನೂ ಪ್ರಯೋಜನ ಇಲ್ಲ. ಟೆಸ್ಟ್‌ಗಳಲ್ಲೂ ಇದು ಕಾಡುತ್ತದೆ. ಜ್ಯಾಂಗೊದ ‘ಟೆಸ್ಟ್‌ಕೇಸ್’ ಪ್ರತಿ ಟೆಸ್ಟನ್ನೂ ಟ್ರಾನ್ಸಾಕ್ಷನ್‌ನಲ್ಲೇ ಸುತ್ತಿಡುತ್ತದೆ. ಎರರ್ ಬರುತ್ತದಾ ಅಂತ ಪರೀಕ್ಷಿಸುವ ಸಾಲನ್ನೂ ಹೀಗೇ ಒಳ ಬ್ಲಾಕ್‌ಗೆ ಹಾಕಿ.

‘ಎಕ್ಸೆಪ್ಟ್’ ಆದ ಮೇಲೆ ಬರೀ ‘ಪಾಸ್’ ಅಂತ ಮಾತ್ರ ಬರೆಯಬೇಡಿ. ಯಾವ ಸಾಲು ಬಿಟ್ಟುಹೋಯಿತು ಅಂತ ಲಾಗ್ ಆದರೂ ಮಾಡಿ.

‘ಗೆಟ್_ಆರ್_ಕ್ರಿಯೇಟ್’ ಬಳಸಿದರೂ ಯೂನಿಕ್ ಎರರ್ ಬರುತ್ತದೆ.

ಸದಸ್ಯತ್ವ ಸಂಖ್ಯೆ, ಹೆಸರು, ಫೋನ್, ಊರು ಎಲ್ಲವನ್ನೂ ನೇರವಾಗಿ ಕೊಟ್ಟಿದ್ದೀರಿ. ಹಾಗೆ ಕೊಟ್ಟದ್ದೆಲ್ಲ ಹುಡುಕಾಟದ ಷರತ್ತಾಗುತ್ತದೆ. ಫೋನ್ ಬದಲಾಗಿದ್ದರೆ ‘ಸಿಗಲಿಲ್ಲ’ ಅಂದುಕೊಂಡು ಹೊಸದು ಮಾಡಲು ಹೋಗುತ್ತದೆ, ಯೂನಿಕ್ ಆಗಿರುವ ಸದಸ್ಯತ್ವ ಸಂಖ್ಯೆ ಅಡ್ಡ ಬರುತ್ತದೆ. ಗುರುತಿಸಲು ಬೇಕಾದದ್ದನ್ನು ಮಾತ್ರ ಹೊರಗೆ ಕೊಡಿ, ಉಳಿದದ್ದು ‘ಡೀಫಾಲ್ಟ್ಸ್’ ಒಳಗೆ. ಇನ್ನು ‘ಮಲ್ಟಿಪಲ್‌ಆಬ್ಜೆಕ್ಟ್ಸ್‌ರಿಟರ್ನ್ಡ್’ ಬಂದರೆ ಡೂಪ್ಲಿಕೇಟ್ ಆಗಲೇ ಒಳಗಿದೆ. ಒಂದೇ ಕ್ಷಣದಲ್ಲಿ ಇಬ್ಬರು ಬಟನ್ ಒತ್ತಿದಾಗ ಡೂಪ್ಲಿಕೇಟನ್ನು ತಡೆಯುವುದು ಡೇಟಾಬೇಸ್‌ನ ಯೂನಿಕ್ ಕನ್‌ಸ್ಟ್ರೇಂಟ್. ಅದಿಲ್ಲದೆ ‘ಗೆಟ್_ಆರ್_ಕ್ರಿಯೇಟ್’ ಒಂದನ್ನೇ ನಂಬಬೇಡಿ.

ಎರರೇ ಇಲ್ಲ, ರೆಕಾರ್ಡೂ ಇಲ್ಲ. ಏನು ಮಾಡಲಿ?

ಮೊದಲ ಅನುಮಾನ ಫಾರ್ಮ್ ಮೇಲೆ. ‘ಈಸ್_ವ್ಯಾಲಿಡ್’ ಫಾಲ್ಸ್ ಆಗಿದೆ, ಟೆಂಪ್ಲೇಟ್‌ನಲ್ಲಿ ನೀವು ಎರರ್ ತೋರಿಸಿಲ್ಲ, ಪುಟ ಮತ್ತೆ ಲೋಡ್ ಆಗಿದೆ. ವ್ಯೂನಲ್ಲಿ ‘ಪ್ರಿಂಟ್(ಫಾರ್ಮ್.ಎರರ್ಸ್)’ ಹಾಕಿ. ಕೈಯಿಂದ ಎಚ್‌ಟಿಎಂಎಲ್ ಬರೆದಿದ್ದರೆ ಇನ್‌ಪುಟ್‌ನ ‘ನೇಮ್’ ಫೀಲ್ಡ್ ಹೆಸರಿಗೆ ಹೊಂದುತ್ತದಾ ನೋಡಿ. ಮುಖಪುಟದ ಚಿತ್ರ ಬರುತ್ತಿಲ್ಲ ಅಂದರೆ ಫಾರ್ಮ್‌ಗೆ ‘ಮಲ್ಟಿಪಾರ್ಟ್’ ಎನ್‌ಕೋಡಿಂಗ್ ಇದೆಯಾ, ವ್ಯೂನಲ್ಲಿ ‘ರಿಕ್ವೆಸ್ಟ್.ಫೈಲ್ಸ್’ ಕೊಟ್ಟಿದ್ದೀರಾ ನೋಡಿ.

ಅಲ್ಲೂ ಸರಿ ಇದ್ದರೆ, ನೀವು ನೋಡುತ್ತಿರುವ ಡೇಟಾಬೇಸ್ ಅದೇನಾ ಅಂತ ಖಚಿತ ಮಾಡಿಕೊಳ್ಳಿ. ಎಸ್‌ಕ್ಯೂಲೈಟ್‌ನಲ್ಲಿ ಬೇರೆ ಫೋಲ್ಡರ್‌ನ ಫೈಲ್ ತೆರೆದು ಕೂತಿರುವುದು ಅಪರೂಪವೇನಲ್ಲ. ‘ಅಟಾಮಿಕ್_ರಿಕ್ವೆಸ್ಟ್ಸ್’ ಆನ್ ಇದ್ದರೆ ಸೇವ್ ಆದ ಮೇಲೆ ವ್ಯೂನಲ್ಲಿ ಇನ್ನೇನೋ ಕೆಟ್ಟರೂ ರೆಕಾರ್ಡ್ ರೋಲ್‌ಬ್ಯಾಕ್ ಆಗುತ್ತದೆ.

‘ಡೇಟಾಬೇಸ್ ಈಸ್ ಲಾಕ್ಡ್’?

ಎಸ್‌ಕ್ಯೂಲೈಟ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಬರೆಯಬಹುದು. ಉಳಿದವರು ಸಾಮಾನ್ಯವಾಗಿ 5 ಸೆಕೆಂಡ್ ಕಾದು ಕೈಬಿಡುತ್ತಾರೆ. ಎಸ್‌ಕ್ಯೂಲೈಟ್ ಬ್ರೌಸರ್ ತೆರೆದು, ಏನೋ ತಿದ್ದಿ, ಸೇವ್ ಮಾಡದೆ ಬಿಟ್ಟಿದ್ದೀರಾ ನೋಡಿ. ಸೆಟ್ಟಿಂಗ್ಸ್‌ನ ‘ಆಪ್ಷನ್ಸ್’ನಲ್ಲಿ ‘ಟೈಮ್‌ಔಟ್’ 20 ಮಾಡಿದರೆ ಸ್ವಲ್ಪ ಉಸಿರಾಡಬಹುದು. ದಿನಾ ಬರುತ್ತಿದ್ದರೆ ಪೋಸ್ಟ್‌ಗ್ರೆಸ್‌ಗೆ ಹೋಗುವ ಕಾಲ ಬಂದಿದೆ.

ಎಲ್ಲ ಸರಿಯಾಯಿತು. ಆದರೆ ಐಡಿ 41 ಆದ ಮೇಲೆ ಸೀದಾ 45. ನಡುವಿನವು ಎಲ್ಲಿ ಹೋದವು?

ಎಲ್ಲೂ ಹೋಗಿಲ್ಲ, ಹುಟ್ಟಲೇ ಇಲ್ಲ. ಸೇವ್ ಆಗದೆ ಹೋದ ಪ್ರಯತ್ನಗಳೂ ಒಂದೊಂದು ನಂಬರ್ ತಿಂದಿವೆ. ಪೋಸ್ಟ್‌ಗ್ರೆಸ್‌ನಲ್ಲಿ, ಮೈಎಸ್‌ಕ್ಯೂಎಲ್‌ನಲ್ಲಿ ರೋಲ್‌ಬ್ಯಾಕ್ ಆದರೂ ಆ ಎಣಿಕೆ ಹಿಂದಕ್ಕೆ ಬರುವುದಿಲ್ಲ. ಇದು ದೋಷ ಅಲ್ಲ, ಸರಿಪಡಿಸಲು ಹೋಗಬೇಡಿ.

ತೊಂದರೆ ಆಗುವುದು ಐಡಿಯನ್ನೇ ರಸೀದಿ ನಂಬರ್ ಮಾಡಿಕೊಂಡವರಿಗೆ. ಆಡಿಟ್‌ಗೆ ಬಂದವರು 42ನೇ ರಸೀದಿ ತೋರಿಸಿ ಅನ್ನುತ್ತಾರೆ. ರಸೀದಿಗೆ ಬೇರೆಯೇ ಕಾಲಂ ಇಡಿ, ಅದರ ಎಣಿಕೆಗೆ ಒಂದು ಪುಟ್ಟ ಟೇಬಲ್ ಇಡಿ. ಟ್ರಾನ್ಸಾಕ್ಷನ್ ಒಳಗೆ ‘ಸೆಲೆಕ್ಟ್_ಫಾರ್_ಅಪ್‌ಡೇಟ್’ನಿಂದ ಆ ಸಾಲನ್ನು ಹಿಡಿದು, ಒಂದು ಕೂಡಿಸಿ, ಅದೇ ಟ್ರಾನ್ಸಾಕ್ಷನ್‌ನಲ್ಲಿ ರಸೀದಿ ಸೇವ್ ಮಾಡಿ. ರಸೀದಿ ಕೆಟ್ಟರೆ ಎಣಿಕೆಯೂ ಹಿಂದೆ ಬರುತ್ತದೆ. ಎಸ್‌ಕ್ಯೂಲೈಟ್‌ನಲ್ಲಿ ಆ ಲಾಕ್‌ಗೆ ಬೆಲೆಯೇ ಇಲ್ಲ, ಹಾಗಾಗಿ ಇದನ್ನು ಪರೀಕ್ಷಿಸುವುದಾದರೆ ಸರ್ವರ್‌ನಲ್ಲಿರುವ ಡೇಟಾಬೇಸ್ ಯಾವುದೋ ಅದರ ಮೇಲೇ ಪರೀಕ್ಷಿಸಿ.